ಚಿಕ್ಕಮ್ಮನ ಮದುವೆಯ ಮಳೆ

ಹಸಿ ಅಕ್ಕಿ ತಿನ್ನುವ ಹುಡುಗಿಯ ಮದುವೆ ದಿನ ಮಳೆ ಬರುತ್ತದಂತೆ. ನಿಮ್ಮ ಮನೆಯಲ್ಲೂ ಹೇಳಿರುತ್ತಾರೆ. ನಮ್ಮ ಸುಮಿತ್ರ ಚಿಕ್ಕಮ್ಮ ಹತ್ತಿರ ಹತ್ತಿರ ನಲವತ್ತು ವರ್ಷದಿಂದ ಇದನ್ನು ಕೇಳಿಸಿಕೊಂಡಿದ್ದಾರೆ.

ಎಂಬತ್ತರ ದಶಕದ ಒಂದು ಕಾರ್ತಿಕ ಮಾಸ. ಬೆಂಗಳೂರಿನ ಚಾಮರಾಜಪೇಟೆಯ ನಮ್ಮ ಮನೆ ಮುಂದೆ ಚಪ್ಪರ. ಬೆಳಿಗ್ಗೆ ಧಾರೆ ಸುಸೂತ್ರವಾಗಿ ಮುಗಿಯಿತು. ಎಲೆ ಹಾಕಿ ಬಡಿಸಿದ್ದೇ ತಡ, ಧೋ ಎಂದು ಮಳೆ. ಚಪ್ಪರ ಕುಸಿಯಿತು, ಹೋಳಿಗೆ ತೇಲಿತು. ನಮ್ಮಜ್ಜಿ ಹೊಸ ಸೊಸೆಯನ್ನು ನೋಡಿ 'ಅಕ್ಕಿ ತಿಂದವಳು' ಎಂದರು. ಆಮೇಲೆ ಮನೆಯ ಯಾವ ಸಮಾರಂಭಕ್ಕೆ ಮಳೆ ಬಂದರೂ ಎಲ್ಲರ ಕಣ್ಣು ಚಿಕ್ಕಮ್ಮನ ಕಡೆಗೇ.

ಕಳೆದ ಭಾನುವಾರ ಚಿಕ್ಕಮ್ಮನ ಮೊಮ್ಮಗುವಿನ ನಾಮಕರಣ. ಮತ್ತೆ ಮಳೆ, ಮತ್ತೆ ಅದೇ ಜೋಕು. ನನ್ನ ಮಗಳು ರಶ್ಮಿಗೆ ರೇಗಿತು. (ಹವಾಮಾನ ಸಂಶೋಧನೆ ಅವಳ ಕೆಲಸ. ರೇಗುವ ಗುಣ ನನ್ನಿಂದ ಬಂದದ್ದಲ್ಲ.) ಲ್ಯಾಪ್‌ಟಾಪ್ ತೆಗೆದು ಮದುವೆಯ ತಾರೀಖು ಕೇಳಿದಳು.

ಪರದೆಯ ಮೇಲೆ ಆ ದಿನದ ಭೂಮಿ ಬಂತು. ಇಡೀ ಭೂಮಿ! ಆಗಿನ ಉಪಗ್ರಹಗಳು ಅಳೆದ ಮೋಡಗಳ ಬಿಸಿ, ಗಾಳಿಯ ತೇವ, ಜೊತೆಗೆ ಹಡಗು, ಬಲೂನುಗಳ ಅಳತೆ. ಎಲ್ಲವನ್ನೂ ಈಗಿನ ಕಂಪ್ಯೂಟರಿಗೆ ಕೊಟ್ಟು, ನಡುವೆ ಬಿಟ್ಟುಹೋದದ್ದನ್ನು ಲೆಕ್ಕಹಾಕಿ ತುಂಬಿ, ಆಗಿನ ಪ್ರತಿ ಗಂಟೆಯ ಹವೆಯನ್ನು ಮತ್ತೆ ಕಟ್ಟಿದ್ದಾರಂತೆ. ನನಗೆ ಮೈ ಜುಮ್ಮೆಂದಿತು. ಆ ಮದುವೆಯದು ನಮ್ಮ ಹತ್ತಿರ ಇರುವುದು ಆರೇಳು ಮಾಸಿದ ಫೋಟೋ. ಮೇಲೆ ಸುತ್ತುತ್ತಿದ್ದ ಉಪಗ್ರಹಕ್ಕೆ ಚಾಮರಾಜಪೇಟೆಯಲ್ಲಿ ಮದುವೆ ಇದೆಯೆಂದೇ ಗೊತ್ತಿರಲಿಲ್ಲ. ಆದರೂ ಅಳೆದಿಟ್ಟಿತ್ತಲ್ಲ!

ರಶ್ಮಿ ದಿನಗಳನ್ನು ಹಿಂದಕ್ಕೆ ಸರಿಸಿದಳು. ಮದುವೆಗೆ ಕೆಲವು ದಿನ ಮೊದಲೇ ಬಂಗಾಳ ಕೊಲ್ಲಿಯಲ್ಲಿ ಮೋಡದ ಸುಳಿ. ಅದು ಮೆಲ್ಲಗೆ ತಿರುಗುತ್ತಾ, ಕರಾವಳಿ ದಾಟಿ, ಸರಿಯಾಗಿ ಆವತ್ತು ನಮ್ಮ ತಲೆ ಮೇಲೆ. ಚಿಕ್ಕಪ್ಪ ಬಾಯಿ ಬಿಟ್ಟುಕೊಂಡು ನೋಡಿದರು. ಅಕ್ಕಿಯ ಕೇಸು ಅಲ್ಲಿಗೆ ವಜಾ.

ಚಿಕ್ಕಮ್ಮ ಮಾತ್ರ ನಗಲಿಲ್ಲ. ಕನ್ನಡಕ ಹಾಕಿಕೊಂಡು ಹತ್ತಿರ ಬಂದರು.

"ಮತ್ತಿಕೆರೆ ತೋರಿಸ್ತೀಯಾ? ಅವತ್ತು ಬೆಳಿಗ್ಗೆ ಅಲ್ಲಿ ಮಳೆ ಇತ್ತಾ ನೋಡು."

ಅದೇ ಬೆಂಗಳೂರಿನ ಮತ್ತಿಕೆರೆ ಚಿಕ್ಕಮ್ಮನ ತವರು. ಇಬ್ಬರೂ ಮೆಚ್ಚಿ ಮಾಡಿಕೊಂಡ ಮದುವೆ; ಅವರ ಅಪ್ಪ ಧಾರೆಗೆ ಬರಲಿಲ್ಲ. ಬೆಳಗ್ಗಿನಿಂದಲೇ ಜೋರು ಮಳೆ, ಹೊರಡಲಾಗಲಿಲ್ಲ ಎಂದು ಆಮೇಲೆ ಹೇಳಿಕಳಿಸಿದ್ದರು. ಚಾಮರಾಜಪೇಟೆಯಲ್ಲಿ ಆಗ ಒಳ್ಳೆ ಬಿಸಿಲು. (ಬೆಂಗಳೂರಿನಲ್ಲಿ ಹಾಗೂ ಆಗುತ್ತದೆ, ನಿಮಗೇ ಗೊತ್ತು.) ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಚಿಕ್ಕಮ್ಮ ಆ ಮಾತನ್ನು ಇನ್ನೂ ನಂಬಿಕೊಂಡಿದ್ದರು.

ರಶ್ಮಿ ಹುಡುಕಿ ಕೈಚೆಲ್ಲಿದಳು. "ಗೊತ್ತಾಗಲ್ಲ ಚಿಕ್ಕಜ್ಜಿ. ಇದ್ರಲ್ಲಿ ಭೂಮೀನ ದೊಡ್ಡ ದೊಡ್ಡ ಚೌಕ ಮಾಡಿರ್ತಾರೆ. ಮತ್ತಿಕೆರೆ, ಚಾಮರಾಜಪೇಟೆ ಎರಡೂ ಒಂದೇ ಚೌಕದಲ್ಲಿ ಬರುತ್ತೆ."

"ಒಳ್ಳೇದಾಯ್ತು ಬಿಡು," ಎಂದು ಚಿಕ್ಕಮ್ಮ ಕನ್ನಡಕ ತೆಗೆದು, ಪಾಯಸ ಬಡಿಸಲು ಎದ್ದರು.

ಆಕಾಶದಿಂದ ನೋಡಿದರೆ ಒಂದೇ ಚೌಕದಲ್ಲಿರುವ ಮಗಳ ಮನೆ, ಆ ಅಪ್ಪನಿಗೆ ಮಾತ್ರ ಅಷ್ಟು ದೂರ ಹೇಗಾಯಿತು?