ಶಾಂತವ್ವನ ಕಿಟಕಿಗೆ ಬಡಿದ ನನ್ನ ಬಿಸಿಗಾಳಿ

ಏ, ಕೈ ಮುಗಿದ ಗೊಂಬೆ ಒತ್ತಿ ಮುಂದೆ ಓಡುವವರೇ, ನಿಲ್ಲಿ ಸ್ವಲ್ಪ! ಈ ಸಲದ ಬಿಸಿಲಿಗೆ ಯಾರು ಕಾರಣ ಅಂತ ಹೋದ ವಾರ ನಮ್ಮ ಈ ಮೊಬೈಲ್ ಗುಂಪಿನಲ್ಲಿ ಕೇಳಿದ್ದೆ. ಒಬ್ಬರು ಫ್ಯಾಕ್ಟರಿ ಅಂದಿರಿ, ಒಬ್ಬರು ಸರಕಾರ ಅಂದಿರಿ, ಇನ್ನೊಬ್ಬರು ಅಮೆರಿಕದವರೆಗೆ ಹೋಗಿ ಬಂದಿರಿ. "ನಾನು" ಅಂತ ಒಬ್ಬರ ಬಾಯಿಂದಲೂ ಬರಲಿಲ್ಲ. ನಾಚಿಕೆ ಆಗಬೇಕು.

ನಾನೂ ಅನ್ನಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಹೈದರಾಬಾದಿನ ಕಾಚಿಗೂಡದ ಒಂದು ಗಲ್ಲಿಯಲ್ಲಿ. ನಮ್ಮದು ಹೊಸ ನಮೂನೆಯ ಅಪಾರ್ಟ್‌ಮೆಂಟು, ಎದುರಿನದು ಹಳೆಯ ಮಾಳಿಗೆ ಮನೆ. ನನ್ನ ಕೋಣೆಯ ಕಿಟಕಿ ತೆಗೆದರೆ ನೇರ ಶಾಂತವ್ವನ ಅಡುಗೆಮನೆ ಕಿಟಕಿ. ನಡುವೆ ಎಂಟು ಮೊಳ ಗಾಳಿ, ಅಷ್ಟೇ.

ಅವಳು ರಾಯಚೂರು ಕಡೆಯವಳು, ನಾನು ಬೀದರ ಕಡೆಯವಳು. ಗಲ್ಲಿಗೆ ಇಳಿದರೆ ತೆಲುಗು, ಹಿಂದಿ. ಮನೆಯೊಳಗೆ ಮಗಳು ಇಡೀ ದಿನ ಕಂಪ್ಯೂಟರಿನ ಮುಂದೆ ಇಂಗ್ಲಿಷ್. ನನಗೆ ಬಾಯಿ ತುಂಬ ಕನ್ನಡ ಸಿಗುತ್ತಿದ್ದದ್ದು ಆ ಕಿಟಕಿಯಲ್ಲಿ ಮಾತ್ರ.

ಹನ್ನೊಂದು ವರ್ಷ... ಮಧ್ಯಾಹ್ನ ಊಟವಾದ ಮೇಲೆ ನಾನಿಲ್ಲಿ ಜೋಳ ಹಸನು ಮಾಡುತ್ತ, ಅವಳಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ. ನಾವಿಬ್ಬರು ಸೇರಿ ಬೈಯದೆ ಬಿಟ್ಟ ಮನುಷ್ಯರು ಈ ಗಲ್ಲಿಯಲ್ಲೇ ಇಲ್ಲ.

ಎರಡು ವರ್ಷದ ಹಿಂದೆ ಸೆಕೆ ತಡೆಯಲಾರದೆ ನನ್ನ ಕೋಣೆಗೆ ಎ.ಸಿ. ಹಾಕಿಸಿದೆ. ಮಗಳ ಮೇಲೆ ಹಾಕಬೇಡಿ, ಹಟ ಹಿಡಿದವಳು ನಾನೇ.

ಹೊರಗಿನ ಮಶೀನು ಎಲ್ಲಿ ಕೂರಿಸಲಿ ಅಂತ ಮೆಕ್ಯಾನಿಕ್ ಕೇಳಿದ. ಮಾಳಿಗೆ ಮೇಲಾದರೆ ಉದ್ದ ಪೈಪು ಬೇಕು, ತಗೊಂಡು ನಾಳೆ ಬರುತ್ತೇನೆ ಅಂದ. ನಾಳೆಯ ತನಕ ತಾಳ್ಮೆ ಯಾರಿಗಿದೆ? ಇಲ್ಲೇ ಗೋಡೆಗೆ ಬಡಿ ಅಂದೆ.

"ಅಮ್ಮಾ, ಸಾಮ್ನೇ ಖಿಡ್ಕೀ ಹೈ ನಾ," ಅಂದ, ಎದುರು ಕಿಟಕಿಗೆ ಕೈ ತೋರಿಸಿ.

"ಹೋನೇ ದೋ," ಅಂದೆ, ಇದ್ದರೆ ಇರಲಿ ಅಂತ.

ಅವನಿಗೆ ಕಂಡದ್ದು ನನಗೆ ಕಾಣಲಿಲ್ಲ ಅಂತಲ್ಲ. ಕಂಡಿತ್ತು.

ಆ ಬೇಸಿಗೆಯಲ್ಲೇ ಒಂದು ದಿನ ಶಾಂತವ್ವ ಕೂಗಿದಳು. "ಗುರವ್ವಕ್ಕಾ, ನಿನ್ನ ಮಶೀನಿಗೆ ಒಂದ ಕಾಯಿ ಒಡಸಬೇಕ ನೋಡ! ಮಾಳಿಗಿ ಹತ್ತೂದ ತಪ್ಪಿತು. ಕಿಟಕ್ಯಾಗ ಇಟ್ಟರ ಒಂದ ದಿನದಾಗ ಸಂಡಿಗಿ ಒಣಗಾಕತ್ತಾವ!"

"ಹಂಗಾರ ನನ್ನ ಪಾಲು ಕಳಸು, ಜಿಪುಣೀ!" ಅಂದೆ.

ಕಳಿಸಿದಳು, ಡಬ್ಬಿ ತುಂಬ. ಕರಿದು ತಿಂದೆ. ಅವಳು ನಗುತ್ತಲೇ ದೂರು ಹೇಳಿದ್ದಳು ಅಂತ ನನಗೆ ಹೊಳೆಯಲಿಲ್ಲ... ಹೊಳೆಯಗೊಡಲಿಲ್ಲ ಅಂದರೆ ಸರಿಯಾದೀತು.

ಮುಂದಿನ ಬೇಸಿಗೆಗೆ ಅವಳು ನೇರವಾಗಿಯೇ ಹೇಳಿದಳು. "ಯಕ್ಕಾ, ಒಂದ ಕಡಿ ಒಲಿ ಸುಡತೈತಿ, ಒಂದ ಕಡಿ ನಿನ್ನ ಮಶೀನು. ಅದನ್ನ ಮ್ಯಾಲ ಹಾಕಸಬಾರದೇನ?"

ನನ್ನ ನಾಲಿಗೆ ನಿಮಗೆ ಗೊತ್ತಲ್ಲ. "ಇಡೀ ಹೈದರಾಬಾದಿನಾಗ ನಂದೊಂದ ಮಶೀನ ಐತೇನ? ಅತ್ತಾಗ ಊರ ತುಂಬ ಗಾಜಿನ ಆಫೀಸು ಎದ್ದಾವ, ಅವರ್ನ ಕೇಳ ಹೋಗು. ನಂದೊಂದರಿಂದ ಏನಾಗತೈತಿ?"

ಶಾಂತವ್ವ ಕಿಟಕಿ ಮುಚ್ಚಿದಳು.

ನಾನೂ ಮುಚ್ಚಿದೆ. ತಂಪು ಹೊರಗೆ ಹೋಗಬಾರದಲ್ಲ.

ಮಳೆಗಾಲ ಬಂತು, ಚಳಿ ಬಂತು. ಮಶೀನು ನಿಂತಿತ್ತು, ಕಿಟಕಿ ತೆಗೆಯಬಹುದಿತ್ತು. ಅವಳೇ ತೆಗೆಯಲಿ ಅಂತ ನಾನು ಕೂತೆ. ಇಷ್ಟು ವಯಸ್ಸಾದರೂ ಸೊಕ್ಕು ಇಳಿದಿರಲಿಲ್ಲ.

ಈ ಏಪ್ರಿಲ್‌ನಲ್ಲಿ ಶಾಂತವ್ವ ಹೋಗಿಬಿಟ್ಟಳು. ಎದೆನೋವು ಅಂದರು, ಹಳೆಯದು. ನನ್ನ ಮಶೀನು ಅವಳನ್ನು ಕೊಂದಿತು ಅನ್ನುವಷ್ಟು ಹುಚ್ಚಿ ನಾನಲ್ಲ.

ಹದಿಮೂರನೇ ದಿನಕ್ಕೆ ಕರೆದಿದ್ದರು. ಹೋದೆ. ಅಡುಗೆಮನೆಯಲ್ಲಿ ಅವಳ ಸೊಸೆ ಒಬ್ಬಳೇ ಬೆವರಿನಲ್ಲಿ ತೊಯ್ದು ಹೋಳಿಗೆ ಬೇಯಿಸುತ್ತಿದ್ದಾಳೆ. ಸ್ವಲ್ಪ ಗಾಳಿ ಬರಲಿ ಅಂತ ನಾನೇ ಹೋಗಿ ಕಿಟಕಿ ತೆಗೆದೆ.

ಮುಖಕ್ಕೆ ಬಡಿಯಿತು.

ಬಿಸಿಲಿನ ಝಳ ಅಲ್ಲ ಅದು. ಕಾದ ತಗಡಿನ ವಾಸನೆಯ ಒಣ ಗಾಳಿ. ಎಂಟು ಮೊಳದಾಚೆ ನನ್ನ ಮಶೀನು ಗಿರಗಿರ ತಿರುಗುತ್ತಿದೆ. ನನ್ನ ಕೋಣೆಯಲ್ಲಿ ಯಾರೂ ಇಲ್ಲ. ಮರಳಿ ಹೋದಾಗ ತಂಪಾಗಿರಲಿ ಅಂತ ನಾನೇ ಹಾಕಿಟ್ಟು ಬಂದಿದ್ದೆ.

"ಮುಚ್ಚರಿ ದೊಡ್ಡವ್ವಾ, ನಿಲ್ಲಾಕ ಆಗಂಗಿಲ್ಲ," ಅಂದಳು ಸೊಸೆ. ಆಮೇಲೆ ಕೈ ಒರೆಸಿಕೊಂಡು ಮೇಲಿನ ಹಲಗೆಯಿಂದ ಒಂದು ಡಬ್ಬಿ ಇಳಿಸಿದಳು.

"ಇದು ನಿಮ್ಮ ಪಾಲಿನ ಸಂಡಿಗಿರಿ. ಎದಿಬ್ಯಾನಿ ಐತಿ, ಬ್ಯಾಡರಿ ಅತ್ತಿ ಅಂದ್ರೂ ಕೇಳಲಿಲ್ಲ, ಮಾಳಿಗಿ ಹತ್ತಿ ಒಣಗಿಸ್ಯಾರ. ಗುರವ್ವಕ್ಕ ಯಾವತ್ತಾರ ಕಿಟಕಿ ತೆಗಿತಾಳ, ಆವಾಗ ಕೊಡತೀನಿ ಅಂತಿದ್ರು."

ಹೋಳಿಗೆ ಎಲೆಯಲ್ಲೇ ಬಿಟ್ಟೆ. ಡಬ್ಬಿ ಎದೆಗೆ ಅವಚಿಕೊಂಡು ಗಲ್ಲಿ ದಾಟಿದೆ.

ಮರುದಿನವೇ ಮೆಕ್ಯಾನಿಕ್‌ನನ್ನು ಕರೆಸಿ ಮಶೀನು ಮಾಳಿಗೆಗೆ ಹಾಕಿಸಿದೆ. ಅರ್ಧ ದಿನದ ಕೆಲಸ. ನೋಡಿ, ಎರಡು ವರ್ಷ ನಾನು ಕೊಡದೆ ಹೋದದ್ದು ಬರೀ ಅರ್ಧ ದಿನ.

ಬಿಸಿ ಎಲ್ಲಿಗೂ ಹೋಗಿಲ್ಲ, ಅಷ್ಟು ನನಗೂ ತಿಳಿಯುತ್ತದೆ. ಈಗ ಅದು ಯಾರ ಮುಖಕ್ಕೆ ಬಡಿಯುತ್ತಿದೆಯೋ ಕಾಣುವುದಿಲ್ಲ, ಅಷ್ಟೇ. ಅದಕ್ಕೇ ಈಗೀಗ ಮಶೀನು ಹಾಕಲು ಕೈ ಹೋಗುವುದಿಲ್ಲ. ಮಧ್ಯಾಹ್ನ ಕಿಟಕಿ ತೆಗೆದು ಕೂರುತ್ತೇನೆ, ಎದುರಿನದು ಮುಚ್ಚಿಯೇ ಇರುತ್ತದೆ. ಡಬ್ಬಿಯ ಸಂಡಿಗೆ ಇನ್ನೂ ಕರಿದಿಲ್ಲ.

ಗೊಂಬೆ ಹಾಕಿದರೆ ನೋಡಿ! ಎಲ್ಲರೂ ನಿಮ್ಮ ನಿಮ್ಮ ಮಶೀನಿನ ಬೆನ್ನ ಹಿಂದೆ ಹೋಗಿ ಒಂದು ಗಳಿಗೆ ನಿಂತು, ಎದುರಿಗೆ ಯಾರ ಕಿಟಕಿ ಇದೆ ಅಂತ ಮುಂದಿನ ತಿಂಗಳು ಹುಟ್ಟುವುದರೊಳಗೆ ಇಲ್ಲಿ ನನಗೆ ಬರೆದು ತಿಳಿಸಿ.