ಗುಡ್ಡದ ಮೇಲಿನ ಹಾರ್ನು

ಪೆದ್ದುತನ ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ದಾವಣಗೆರೆಯಿಂದ ಮೊಪೆಡ್ ಏರಿ ಬಂದು, ಕೊಕ್ಕನೂರಿನಾಚೆ ನಮ್ಮಜ್ಜನ ಊರಿನ ಪುಟ್ಟ ಗುಡ್ಡವನ್ನು ವರ್ಷಗಳ ಮೇಲೆ ಹತ್ತಿದ್ದೆ. ರಸ್ತೆ ಗುಡ್ಡವನ್ನು ಬಳಸಿ ಬರುವುದರಿಂದ ಅದರ ಎರಡೂ ಬದಿಯ ಊರುಗಳಿಗೆ ಹರಿಹರದ ಬಸ್ಸು ಕಾಣುವುದಿಲ್ಲ. ತಿರುವಿನಲ್ಲಿ ಹಾರ್ನು ಕೇಳಿದ ಮೇಲೆಯೇ ಜನ ಮನೆ ಬಿಡುತ್ತಾರೆ. ಆ ಹಾರ್ನು ನನಗೆ ಚಿಕ್ಕಂದಿನಿಂದ ಬಾಯಿಪಾಠ; ಬಸ್ಸಿಗಿಂತ ನನ್ನದೇ ಚೆಂದ ಎಂಬ ಜಂಭ ಬೇರೆ. ತುದಿಯಲ್ಲಿ ನಿಂತಾಗ ಹಳೆಯ ದಿನಗಳೆಲ್ಲ ನೆನಪಾಗಿ, ಬಾಯಿಗೆ ಕೈಯಿಟ್ಟು ಊದಿಯೇಬಿಟ್ಟೆ.

ಹೂ ಮಾರುವ ಗಿರಿಜಜ್ಜಿ ಬುಟ್ಟಿ ಹೊತ್ತು ರಸ್ತೆಗೆ ಓಡಿಬಂದಳು. ಬಸ್ಸಿಲ್ಲ. ಗುಡ್ಡದ ಮೇಲೆ ನನ್ನನ್ನು ಕಂಡು, ಬೈಯುತ್ತ ಮನೆಗೆ ಮರಳಿದಳು. ಸ್ವಲ್ಪ ಹೊತ್ತಿಗೆ ನಿಜವಾದ ಬಸ್ಸು ಬಂದು, ಹಾರ್ನು ಹೊಡೆದು, ಹೊರಟೂ ಹೋಯಿತು. ಅಜ್ಜಿ ಬರಲೇ ಇಲ್ಲ.

ಗಾಬರಿಯಾಗಿ ಇಳಿದು ಹೋದರೆ ಜಗಲಿಯ ಮೇಲೆ ಕೂತಿದ್ದಳು. "ಅದೂ ನೀನೇ ಅನ್ಕಂಡೆ. ಸಂಜಿಗೆ ಹರಿಹರ ಮುಟ್ಲಿಲ್ಲಾಂದ್ರ ಈ ಮಲ್ಲಿಗಿ ಯಾರ್ ತಗಂತಾರೆ?"

ತೆಪ್ಪಗೆ ಮೊಪೆಡ್ ತಂದೆ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. ಗಾಡಿಯ ಹಾರ್ನು ಕೆಟ್ಟಿದೆ, ತಿರುವಿನಲ್ಲಿ ಬಾಯಲ್ಲೇ ಹೊಡೆಯುತ್ತೇನೆ ಎಂದೆ.

"ಬ್ಯಾಡ ತಮ್ಮಾ, ಸುಮ್ನೆ ನಡಿ. ನೀ ಹಾರ್ನ್ ಹೊಡೆದ್ರೆ ಆ ಕಡಿ ಊರಿನೋರೂ ಓಡಿಬಂದು ಇದಕ್ಕೇ ಹತ್ತಿಬಿಡ್ತಾರೆ."