ದಸ್ತಗೀರಸಾಬರು ಕೊರೆದ ಗೀರು

ದಸ್ತಗೀರಸಾಬರು ಸಲಾಂ ಮಾಡಿದರೆ ಅದು ಮೂರು ಬೆರಳಿನ ಸಲಾಂ. ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು. ಬಲಗೈಯ ಉಳಿದೆರಡರ ಜಾಗದಲ್ಲಿ ಬರೀ ಬೆಳಕು ಹಾಯುತ್ತಿತ್ತು. ಹೊಸಬರು ಕದ್ದು ನೋಡಿ ಕಣ್ಣು ತಿರುಗಿಸಿದರೆ ತಾವೇ ಕೈ ಎತ್ತಿ ತೋರಿಸುತ್ತಿದ್ದರು: “ಇಬ್ಬರು ರಜಾದ ಮ್ಯಾಲ ಅದಾರ್ರಿ. ನನ್ನ ಹದಿನಾರನೇ ವರ್ಷಕ್ಕ ಹೋದಾವ್ರು, ಇನ್ನೂ ಹಾಜರಾಗಿಲ್ಲ.”

ವಿಜಾಪುರದ ಒಂದು ಗೋಲಿ ಸೋಡಾ ಅಂಗಡಿಯಲ್ಲಿ ಕೈಯಿಂದ ತಿರುವುವ ಯಂತ್ರವಿತ್ತು. ಅದರೊಳಗೆ ಒಂದು ಬಾಟಲಿ ಸಿಡಿದು ಆ ಬೆರಳುಗಳನ್ನು ಒಯ್ದಿತ್ತು. ಅಂಥವರು ಸೋಡಾದ ಹೆಸರು ಎತ್ತಿದರೆ ಊರು ಬಿಡಬೇಕು. ಇವರು ಊರು ಬಿಟ್ಟು ಗೋವಾಕ್ಕೆ ಬಂದು ಸೋಡಾ ಕಾರ್ಖಾನೆಯನ್ನೇ ಸೇರಿದರು. ರಿಪೇರಿ ವಿಭಾಗದಲ್ಲಿ ಲೋಹ ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದರು. ವಾಸ ಸಡಾದ ಗುಡ್ಡದ ಮೇಲೆ, ಬಂದರಿನ ಧೂಳು ಬೀಳುವ ಕಡೆ.

ನಾನು ಅದೇ ಕಾರ್ಖಾನೆಯಲ್ಲಿ ಯಂತ್ರಭಾಗಗಳ ನಕಾಶೆ ಬರೆಯುವ ವಿಭಾಗದ ಮುಖ್ಯಸ್ಥ. ನನ್ನ ಆಡಳಿತಕ್ಕೆ ಒಳಪಟ್ಟವು ಒಂದು ಮೇಜು, ಎರಡು ಕುರ್ಚಿ ಮತ್ತು ಒಂದು ಕಂಪ್ಯೂಟರು. ಮೂರನೆಯದು ನನ್ನ ಮಾತು ಕೇಳುತ್ತಿರಲಿಲ್ಲವಾದ್ದರಿಂದ ನಾನು ಪೆನ್ಸಿಲಿನಲ್ಲೇ ಬರೆಯುತ್ತಿದ್ದೆ. ಆದರೂ ನನ್ನ ಸಹಿ ಇಲ್ಲದೆ ಒಂದು ನಕಾಶೆಯೂ ಗೇಟು ದಾಟುವಂತಿರಲಿಲ್ಲ. ‘ಬರೆದವರು’ ಎಂಬಲ್ಲಿ ಒಂದು ಸಹಿ, ‘ಪರಿಶೀಲಿಸಿದವರು’ ಎಂಬಲ್ಲಿ ಇನ್ನೊಂದು. ಎರಡೂ ನನ್ನವೇ. ನಾನು ಬರೆದದ್ದನ್ನು ನಾನೇ ಪರಿಶೀಲಿಸಿ ನಾನೇ ಮೆಚ್ಚಿಕೊಳ್ಳುವ ಈ ವ್ಯವಸ್ಥೆಯಲ್ಲಿ ಇಪ್ಪತ್ತೆರಡು ವರ್ಷ ಒಂದು ತಪ್ಪೂ ಸಿಕ್ಕಿರಲಿಲ್ಲ.

ಹೊಸ ಶತಮಾನ ಹುಟ್ಟಿ ಮೂರ್ನಾಲ್ಕು ವರ್ಷವಾಗಿತ್ತು. ಹೋಟೆಲುಗಳಿಗೆ, ಸಮುದ್ರ ದಂಡೆಯ ಚಪ್ಪರದ ಬಾರುಗಳಾದ ಶ್ಯಾಕುಗಳಿಗೆ ನಾವು ಮೂರು ಲೀಟರಿನ ದಪ್ಪ ಗಾಜಿನ ಬಾಟಲಿಗಳಲ್ಲಿ ಸೋಡಾ ಕೊಡುತ್ತಿದ್ದೆವು. ಮುಚ್ಚಳ ತೆಗೆದ ಒಂದು ಗಂಟೆಯಲ್ಲಿ ಗ್ಯಾಸು ಹೋಗಿ, ಉಳಿದದ್ದು ಬಾವಿಯ ನೀರಿಗಿಂತ ಕಡೆಯಾಗುತ್ತಿತ್ತು. ದೂರುಗಳು ಬಂದವು. ಮ್ಯಾನೇಜರ್ ಶಾನಭಾಗರು ಕಾರವಾರದವರು. ಉಸಿರಿಗಿಂತ ಮೀಟಿಂಗನ್ನೇ ಹೆಚ್ಚು ನಂಬಿದವರು. ಬಾಟಲಿಯ ಬಾಯಿ ತೆಗೆಯದೆಯೇ, ಹಿಡಿಕೆ ಒತ್ತಿದರೆ ಗ್ಲಾಸಿಗೆ ಸೋಡಾ ಬೀಳುವಂಥ ಒಂದು ತಲೆ ಬೇಕು ಎಂದು ಅವರು ಅಪ್ಪಣೆ ಕೊಡಿಸಿದರು. ಅದನ್ನು ಬಾಟಲಿಯ ಕೊರಳಿಗೆ ತಿರುಪಿನಂತೆ ಬಿಗಿಯಬೇಕು. ಒಳಗಿನ ಗ್ಯಾಸೇ ಸೋಡಾವನ್ನು ಮೇಲಕ್ಕೆ ದೂಡಬೇಕು.

ಇಬ್ಬರು ಇಂಜಿನಿಯರರು ಎರಡು ತಿಂಗಳು ಚಿಂತಿಸಿ ಒಂದನ್ನು ಸಿದ್ಧಪಡಿಸಿದರು. ಉದ್ಘಾಟನೆಯ ದಿನ ಶಾನಭಾಗರು ಸ್ವತಃ ಹಿಡಿಕೆ ಒತ್ತಿದರು. ಸೋಡಾ ಗ್ಲಾಸೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆಗೂ ತಲುಪಿತು. ಗೋಡೆಯ ಮೇಲಿದ್ದ ಸಂಸ್ಥಾಪಕರ ಭಾವಚಿತ್ರಕ್ಕೆ ಅಭಿಷೇಕವಾಯಿತು. ಗ್ಲಾಸಿನಲ್ಲಿ ಉಳಿದದ್ದು ಬರೀ ಬುರುಗು.

ಫ್ಯಾನು ರಿಪೇರಿಗೆಂದು ಏಣಿಯ ಮೇಲೆ ನಿಂತಿದ್ದ ದಸ್ತಗೀರಸಾಬರು ಅಲ್ಲಿಂದಲೇ ಹೇಳಿದರು: “ಗ್ಯಾಸ್ ಅಂದ್ರ ಮನಿಗೆ ಬಂದ ಅಳಿಯ ಇದ್ಧಂಗ್ರಿ ಸಾಹೇಬ್ರ. ಸಾವಕಾಶ ಮಾತಾಡ್ಕೋತ ಬಾಗಲದ ತನಕ ಬಿಟ್ಟು ಬರಬೇಕು. ಕುತ್ತಿಗಿ ಹಿಡದು ದಬ್ಬಿದ್ರ ರಂಪ ಮಾಡ್ತಾನ.”

ಯಾರೂ ನಗಲಿಲ್ಲ. ಎಲ್ಲರೂ ಒದ್ದೆಯಾಗಿದ್ದರು.

ಮುಂದಿನ ಆರು ವಾರ ಊಟದ ಹೊತ್ತಿನಲ್ಲಿ ಅವರ ಲೇತಿನ ಹತ್ತಿರ ಹೋಗಿ ಕೂರುವುದು ನನಗೆ ರೂಢಿಯಾಯಿತು. ಸೋಡಾ ಹೊರಗೆ ಬರುವ ದಾರಿಯನ್ನು ಅವರು ಉದ್ದ ಮಾಡಿದರು. ತುಕ್ಕು ಹಿಡಿಯದ ಸಣ್ಣ ಉಕ್ಕಿನ ಕೊಳವೆಯನ್ನು ಜಿಲೇಬಿಯ ಹಾಗೆ ಸುತ್ತಿ ತಲೆಯೊಳಗೆ ಕೂರಿಸಿದರು. ಅಷ್ಟು ಸುತ್ತು ಹಾಕಿ ಬರುವಷ್ಟರಲ್ಲಿ ಗ್ಯಾಸಿನ ಸಿಟ್ಟು ಇಳಿದಿರುತ್ತಿತ್ತು. ಹಿತ್ತಾಳೆ ಬಗ್ಗಿಸುವುದು ಸುಲಭವಲ್ಲವೇ ಎಂದು ನಾನು ಕೇಳಿದ್ದಕ್ಕೆ, “ಸೋಡಾಕ್ಕ ಹಿತ್ತಾಳಿ ಆಗಿ ಬರೂದಿಲ್ರಿ, ಕಿಲುಬು ಬಿಡ್ತದ. ಕುಡದಾಂವ ನಿಮ್ಮನ್ನಲ್ಲ, ನನ್ನ ಬೈತಾನ,” ಎಂದರು.

ಅವರ ಪರೀಕ್ಷೆಯ ಕ್ರಮ ಯಾವ ಕಾಲೇಜಿನಲ್ಲೂ ಕಲಿಸುವಂಥದಲ್ಲ. ಜೇಬಿನಲ್ಲಿ ಊರಿನ ಒಣದ್ರಾಕ್ಷಿಯ ಪೊಟ್ಟಣ. ಗ್ಲಾಸಿಗೆ ಸೋಡಾ ಬಿಟ್ಟು ಒಂದು ದ್ರಾಕ್ಷಿ ಹಾಕುವರು. ಅದು ಮುಳುಗಿ, ಮೈಗೆಲ್ಲ ಗುಳ್ಳೆ ಮೆತ್ತಿಕೊಂಡು ಮೇಲೇರಿ, ಗುಳ್ಳೆ ಒಡೆದು ಮತ್ತೆ ಇಳಿಯಬೇಕು. “ಕುಣೀತು ಅಂದ್ರ ಸೋಡಾ ಜೀವಂತ ಅದ. ಮಲಗಿತು ಅಂದ್ರ ಮಣ್ಣು ಮಾಡ್ರಿ.” ಸೋಲಿನ ದಿನಗಳ ದ್ರಾಕ್ಷಿಗಳನ್ನೆಲ್ಲ ನನಗೆ ತಿನ್ನಿಸುತ್ತಿದ್ದರು. ಆರನೇ ವಾರದ ಒಂದು ಮಧ್ಯಾಹ್ನ, ಹಿಂದಿನ ದಿನ ತುಂಬಿಟ್ಟ ಬಾಟಲಿಯ ಕೊನೆಯ ಗ್ಲಾಸಿನಲ್ಲಿ ದ್ರಾಕ್ಷಿ ಹನ್ನೊಂದು ಸಲ ಮೇಲೆ ಬಂತು. ಅವರು ಎಣಿಸುತ್ತಿದ್ದದ್ದು ಉರ್ದುವಿನಲ್ಲಿ, ನಾನು ಕನ್ನಡದಲ್ಲಿ. ಇಬ್ಬರ ಲೆಕ್ಕವೂ ಸರಿಹೋಯಿತು.

ಆ ಮಾದರಿ ನನ್ನ ಮೇಜಿಗೆ ಬಂತು. ಅದನ್ನು ಅಳೆದು ನಕಾಶೆ ಬರೆಯಬೇಕು. ನಕಾಶೆ ನೋಡಿ ಹೊರಗಿನವರು ಅಚ್ಚು ಮಾಡುತ್ತಾರೆ. ಆಮೇಲೆ ಪ್ಲಾಸ್ಟಿಕ್ಕಿನ ತಲೆಗಳು ಸಾವಿರಗಟ್ಟಲೆ ಬರುತ್ತವೆ. ಮೂರು ದಿನ ಅಳೆದೆ. ಕೊನೆಗೆ, ಬಾಟಲಿಯ ಕೊರಳಿಗೆ ಬಿಗಿಯುವ ಭಾಗದ ಒಳಮೈ ನೋಡುವಾಗ, ತಿರುಪಿನ ಸುತ್ತುಗಳನ್ನೆಲ್ಲ ಅಡ್ಡ ಕತ್ತರಿಸಿಕೊಂಡು ಮೇಲಿಂದ ಕೆಳಕ್ಕೆ ಒಂದು ಗೀರು ಕಂಡಿತು. ಅರದಿಂದ ಉಜ್ಜಿದ ಗೀರು, ತುಸು ಓರೆ.

ಪಾಪ, ಅಂದುಕೊಂಡೆ. ಮೂರು ಬೆರಳಿನ ಕೈ. ಅರ ಜಾರಿದೆ.

ಕರೆದು ಕೇಳಬಹುದಿತ್ತು. ಲೇತು ನನ್ನ ಕುರ್ಚಿಯಿಂದ ನಲವತ್ತು ಹೆಜ್ಜೆ. ಕೇಳಿದರೆ ಮನುಷ್ಯ ನೊಂದುಕೊಂಡಾನು ಎಂದು ದೊಡ್ಡ ಮನಸ್ಸು ಮಾಡಿದೆ. ನಕಾಶೆಯಲ್ಲಿ ತಿರುಪನ್ನು ನುಣ್ಣಗೆ, ಅಖಂಡವಾಗಿ ಬರೆದೆ. ನನ್ನ ಜೀವನದಲ್ಲಿ ನಾನು ಮಾಡಿದ ಉಪಕಾರಗಳು ಬೆರಳೆಣಿಕೆಯವು. ಅವುಗಳಲ್ಲಿ ಇದೂ ಒಂದು ಎಂದು ಆ ಸಂಜೆ ಹಿಗ್ಗಿದ್ದು ನೆನಪಿದೆ.

ಕಳಿಸುವ ಮುನ್ನ ದಸ್ತಗೀರಸಾಬರನ್ನು ಕರೆದು ನಕಾಶೆ ತೋರಿಸಿದೆ. ಅವರಿಗೆ ನಕಾಶೆ ಓದಲು ಬರುತ್ತಿರಲಿಲ್ಲ. ಕೈ ಒರೆಸಿಕೊಂಡು, ಮುಟ್ಟದೆ, ಬಗ್ಗಿ ನೋಡಿದರು.

“ಎಲ್ಲಾ ಬಂದದೇನ್ರಿ ಇದ್ರಾಗ?”

“ಎಲ್ಲಾ ಬಂದದ,” ಅಂದೆ.

“ಹಂಗಾದ್ರ ಒತ್ರಿ ನಿಮ್ಮ ಸಹಿ. ಎರಡೂ ಕಡೆ ಒತ್ರಿ.”

ಒತ್ತಿದೆ.

ಪ್ಲಾಸ್ಟಿಕ್ಕಿನ ತಲೆಗಳು ಬಂದು ಬಾಟಲಿ ತುಂಬುವ ಕೋಣೆಯಲ್ಲೇ ಬಿಗಿಯಲ್ಪಟ್ಟವು. ರಿಪೇರಿಯವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಲಾರಿಗೆ ಹೇರುವಾಗ ದಸ್ತಗೀರಸಾಬರು ಒಂದು ಬಾಟಲಿಯ ತಲೆ ಸವರಿದ್ದನ್ನು ನೋಡಿದ್ದೇನೆ, ಮೊಮ್ಮಗುವಿನ ತಲೆ ಸವರಿದ ಹಾಗೆ. ಬಿಗಿದ ಮೇಲೆ ಒಳಗೇನಿದೆ ಎಂಬುದು ಹೊರಗೆ ಕಾಣುವುದಿಲ್ಲ.

ನಾಲ್ಕು ತಿಂಗಳು ಎಲ್ಲ ಚೆನ್ನಾಗಿತ್ತು. ಶಾನಭಾಗರಿಗೆ ಶಾಲು ಹೊದಿಸಿದರು. ಐದನೇ ತಿಂಗಳು ಕೋಲ್ವಾದ ಒಂದು ಶ್ಯಾಕಿನಲ್ಲಿ, ಗಿರಾಕಿಯೊಬ್ಬ ಬಾಟಲಿಯೊಳಗೇ ನಿಂಬೆ ಹಿಂಡು ಎಂದು ಹಟ ಹಿಡಿದನಂತೆ. ಬಾರಿನಲ್ಲಿದ್ದ ಗದಗಿನ ಕಡೆಯ ಯಲ್ಲಪ್ಪ ಅರ್ಧ ತುಂಬಿದ ಬಾಟಲಿಯ ತಲೆಯನ್ನು ತಿರುವಿ ತೆಗೆಯಲು ಹೋದ. ಕೊನೆಯ ಸುತ್ತು ಬಿಟ್ಟದ್ದೇ ತಡ, ಒಳಗಿನ ಗ್ಯಾಸು ಇಡೀ ತಲೆಯನ್ನು ಗುಂಡಿನಂತೆ ಹಾರಿಸಿತು. ಎಡಗಣ್ಣಿಗೆ ಬಡಿಯಿತು. ಕಣ್ಣು ಉಳಿಯಲಿಲ್ಲ.

ವಿಚಾರಣೆ ನಡೆಯಿತು. ಉದ್ದ ಮೇಜು, ಒಂದು ತುದಿಗೆ ಶಾನಭಾಗರು, ಪಕ್ಕದಲ್ಲಿ ನಕಾಶೆ ಹಿಡಿದ ನಾನು. ದಸ್ತಗೀರಸಾಬರು ನಿಂತಿದ್ದರು.

“ಈ ತಲೆ ಮಾಡಿದ್ದು ನೀನೇ ಅಲ್ವೋ?” ಎಂದರು ಶಾನಭಾಗರು. ಶಾಲು ಹೊದ್ದದ್ದು ಯಾರು ಎಂಬ ಪ್ರಶ್ನೆ ಆ ದಿನದ ಕಾರ್ಯಸೂಚಿಯಲ್ಲಿ ಇರಲಿಲ್ಲ.

“ಹೌದ್ರಿ, ನಾನ. ಅದು ಹಾರಬಾರದು ಅಂತನ ತಿರುಪಿನ ಮ್ಯಾಲ ಗೀರು ಕೊರದಿದ್ದೆ ಸಾಹೇಬ್ರ. ಯಾರರ ತಿರುವಿ ತಗದ್ರ, ತಿರುಪು ಬಿಡೂಕಿಂತ ಮೊದ್ಲ ಆ ಗೀರಿನಾಗಿಂದ ಸುಯ್ ಅಂತ ಗ್ಯಾಸ್ ಹೊರಗ ಹೋಗಬೇಕು. ಪ್ಲಾಸ್ಟಿಕ್ಕಿಗೆ ಆ ಗೀರು ಸಣ್ಣದಾತೇನೋ. ಆಳ ಸಾಲಲಿಲ್ಲೇನೋ. ನನ್ನ ತಪ್ಪು ಇರಬೇಕ್ರಿ.”

ಶಾನಭಾಗರಿಗೆ ಗೀರೇನು, ತಿರುಪೇನು ತಿಳಿಯಲಿಲ್ಲ. ‘ನನ್ನ ತಪ್ಪು’ ಎಂಬುದು ಮಾತ್ರ ತಿಳಿಯಿತು, ಬರೆದುಕೊಂಡರು. ನನ್ನ ಕೈಯ ನಕಾಶೆಯಲ್ಲಿ ತಿರುಪು ನುಣ್ಣಗಿತ್ತು. ಸಣ್ಣದಾಗಲು, ಆಳ ಸಾಲದೆ ಹೋಗಲು ಅಲ್ಲಿ ಗೀರೇ ಇರಲಿಲ್ಲ. ಬೆರಳು ಕಳೆದುಕೊಂಡ ಒಬ್ಬ ಮನುಷ್ಯ ಇನ್ನೊಬ್ಬರಿಗೆ ಹಾಗಾಗಬಾರದೆಂದು ಮಾಡಿದ ಒಂದೇ ಕೆಲಸವನ್ನು ನಾನು ದಯೆಯಿಂದ ಅಳಿಸಿದ್ದೆ.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಚಹಾ ಬಂತು. ತೆರೆದ ಬಾಯಿಗೆ ಕಪ್ಪು ಹಿಡಿದೆ. ಚಹಾ ಚೆನ್ನಾಗಿತ್ತು ಎಂಬುದೂ ನೆನಪಿದೆ.

ಅದೇ ದಿನ ದಸ್ತಗೀರಸಾಬರನ್ನು ಗೇಟಿನ ಹೊರಗೆ ಬಿಟ್ಟರು. ನಾನು ಸಕಲ ಗೌರವಗಳೊಂದಿಗೆ ನಿವೃತ್ತನಾದದ್ದು ಮೂರು ವರ್ಷದ ಮೇಲೆ. ಭಾಷಣದಲ್ಲಿ ‘ಒಂದೂ ತಪ್ಪಿಲ್ಲದ ಸೇವೆ’ ಎಂದರು. ಚಪ್ಪಾಳೆಯಾಯಿತು. ನಾನೂ ತಟ್ಟಿದೆ.

ಮರುವಾರ ಮನೆಯ ಕುಕ್ಕರು ಹಿಡಿದುಕೊಂಡು ಸಡಾಕ್ಕೆ ಹೋದೆ. ದಸ್ತಗೀರಸಾಬರು ಅಲ್ಲಿ ಕುಕ್ಕರು, ಸ್ಟೋವು ರಿಪೇರಿಯ ಅಂಗಡಿ ಇಟ್ಟಿದ್ದರು. ಕುಕ್ಕರಿಗೆ ಯಾವ ರೋಗವೂ ಇರಲಿಲ್ಲ. ರೋಗವಿದ್ದದ್ದು ಅದನ್ನು ಹಿಡಿದುಕೊಂಡು ಹೋದವನಿಗೆ. ಅವರು ಸೀಟಿ ತೆಗೆದು ನೋಡಿ, ಊದಿ, ಮತ್ತೆ ಕೂರಿಸಿದರು.

“ಇದಕ್ಕೇನಾಗ್ಯದ್ರಿ ಜೋಶಿ ಸಾಹೇಬ್ರ? ಕಲ್ಲು ಇದ್ಧಂಗ ಅದ. ಖರೇ ಹೇಳ್ರಿ, ಯಾಕ ಬಂದ್ರಿ?”

ಯಲ್ಲಪ್ಪ ಹೇಗಿದ್ದಾನೆ ಎಂದು ಸುತ್ತಿ ಬಳಸಿ ಕೇಳಿದೆ. ಅವರು ತಿಂಗಳಿಗೊಮ್ಮೆ ಹೋಗಿ ಬರುತ್ತಾರಂತೆ. “ಮೊದಲನೇ ಸಲ ಹೋದಾಗ ಅವನ ಹೆಂಡತಿ ಬಾಗಲಾ ಹಾಕಿದ್ಲು. ಎರಡನೇ ಸಲ ನೀರು ಕೊಟ್ಲು. ಈಗ ದವಾಖಾನಿಗೆ ನಾನ ಕರಕೊಂಡು ಹೋಗ್ತೇನಿ. ತಪ್ಪು ಮಾಡಿದಾಂವ ಮುಖಾ ತೋರಸಬೇಕಲ್ರಿ.”

ಆಗ ಹೇಳಿದೆ. ಗೀರು ನೋಡಿದ್ದು, ಬಿಟ್ಟದ್ದು, ವಿಚಾರಣೆಯ ದಿನ ಸುಮ್ಮನಿದ್ದದ್ದು. ಅವರು ಕೇಳುವಷ್ಟು ಹೊತ್ತೂ ಕುಕ್ಕರಿನ ಮುಚ್ಚಳ ಬಟ್ಟೆಯಿಂದ ಒರೆಸುತ್ತಿದ್ದರು.

“ಗೀರು ಇರಲೇ ಇಲ್ಲೇನ್ರಿ?”

“ಇರಲಿಲ್ಲ.”

“ನೋಡಿದ್ರಿ, ಬಿಟ್ರಿ?”

“ಕೈ ಜಾರಿರಬೇಕು ಅಂದ್ಕೊಂಡೆ.”

ಒರೆಸುವುದು ನಿಂತಿತು. “ನನ್ನ ಕೈ ಜಾರೂದಿಲ್ರಿ ಸಾಹೇಬ್ರ,” ಎಂದರು. ಸಿಟ್ಟಿರಲಿಲ್ಲ. ತಿಳಿಯದವನಿಗೆ ತಿಳಿಸುವ ಹಾಗೆ ಹೇಳಿದರು. ಮುಚ್ಚಳ ಹಾಕಿ ಕುಕ್ಕರನ್ನು ನನ್ನ ಕಡೆ ಸರಿಸಿದರು. “ನನಗ ಹೇಳಿದ್ರಿ, ಆತು. ಯಲ್ಲಪ್ಪಗ ನೀವ ಹೋಗಿ ಹೇಳ್ರಿ. ನಾ ಹೇಳೂದಿಲ್ಲ. ನಾ ಹೇಳಿದ್ರ, ಮುದುಕ ಈಗ ತನ್ನ ತಪ್ಪು ಇನ್ನೊಬ್ಬರ ಮ್ಯಾಲ ಹಾಕಾಕತ್ತಾನ ಅಂತಾನ. ನೀವು ಹೇಳಿ ಬರ್ರಿ. ಆಮ್ಯಾಲ ಚಹಾ ಕುಡಿಯೂಣು.”

ಹೋಗಬೇಕೆಂದೇ ಇದ್ದೆ. ಮೊದಲು ಮಳೆಗಾಲ ಬಂತು. ಆಮೇಲೆ ಮೊಣಕಾಲು ನೋವು. ಆಮೇಲೆ ಚೌತಿ, ದೀಪಾವಳಿ. ಹಬ್ಬದ ಹೊತ್ತಿನಲ್ಲಿ ಯಾರ ಮನೆಗೂ ಇಂಥ ಮಾತು ಒಯ್ಯಬಾರದು ಎಂಬ ಶಾಸ್ತ್ರವನ್ನು ನಾನೇ ಬರೆದು ನಾನೇ ಪರಿಶೀಲಿಸಿದೆ. ಹೀಗೆ ಎರಡು ವರ್ಷ. ಸಡಾದ ಕಡೆಯ ಬಸ್ಸು ಎದುರಾದರೆ ಪೇಪರು ಎತ್ತಿ ಹಿಡಿಯುವುದನ್ನು ಕಲಿತೆ.

ದಸ್ತಗೀರಸಾಬರು ತೀರಿಹೋದ ಸುದ್ದಿ ಕಾರ್ಖಾನೆಯ ಗೇಟಿನ ವಾಚ್‌ಮನ್ನನಿಂದ ತಿಳಿಯಿತು. ನಾನು ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮನೆಯ ಮುಂದೆ ಬಾಡಿಗೆಯ ಕುರ್ಚಿಗಳು, ಅವುಗಳಲ್ಲಿ ಒಂದರ ಮೇಲೆ ಕಪ್ಪು ಕನ್ನಡಕದ ಮನುಷ್ಯ. ಹೊರಡಲು ಎದ್ದವನು ನನ್ನ ಕಡೆ ತಿರುಗಿ, “ಸ್ಟ್ಯಾಂಡಿನ ತನಕ ಹೊಂಟೀರೇನ್ರಿ? ನನ್ನ ಎಡಗಡೆ ನಡೀರಿ. ಆ ಕಡಿ ಗಾಡಿ ಬಂದ್ರ ಕಾಣೂದಿಲ್ಲ,” ಎಂದ.

ಎಡಗಡೆ ನಡೆದೆ. ಇಳಿಜಾರಿನ ರಸ್ತೆ. ಸ್ವಲ್ಪ ದೂರ ಹೋದ ಮೇಲೆ ಕೇಳಿದ: “ನೀವು ಮಾಮಾನ ಕಡ್ಯಾವ್ರೇನ್ರಿ?”

“ಒಂದೇ ಕಡೆ ಕೆಲಸಕ್ಕ ಇದ್ವಿ.”

“ಭಾಳ ಚಲೋ ಮನಷ್ಯಾ ಇದ್ರು ನೋಡ್ರಿ. ಅವರ ತಪ್ಪಿನಿಂದನ ನನ್ನ ಕಣ್ಣು ಹೋತು, ಅದು ಖರೇ. ಆದ್ರ ಮಾಡಿದ್ದು ನಾನ ಅಂತ ಮನಿ ತನಕ ಬಂದು ಹೇಳಾವ್ರು ಈ ಕಾಲದಾಗ ಯಾರ ಅದಾರ್ರಿ? ನೀವ ಹೇಳ್ರಿ.”

ಎದುರಿನಿಂದ ಒಂದು ಟೆಂಪೋ ಬಂತು. ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡೆ.

“ಯಾರೂ ಇಲ್ಲ,” ಅಂದೆ.